ಹಬೆಸ್ನಾನ

ಹಬೆಸ್ನಾನವು ಬಿಸಿ ಹಬೆಯಿಂದ ಅಥವಾ ಕಾದ ಗಾಳಿಯಿಂದ ಮೈಗೆ ಶಾಖ ಕೊಟ್ಟು ಬೆವರು ಬರಿಸುವ ಸ್ನಾನವಿಧಾನ. ಆಯುರ್ವೇದದಲ್ಲಿ ಇದು 'ಸ್ವೇದನ' ಎಂಬ ಕ್ರಮದೊಳಗೆ ಸೇರುತ್ತದೆ. ಪ್ರಕೃತಿ ಚಿಕಿತ್ಸೆಯಲ್ಲಿ ಜಲಚಿಕಿತ್ಸೆಯ ಒಂದು ಅಂಗ. ಆಡುಮಾತಿನಲ್ಲಿ 'ಸ್ಟೀಮ್ ಬಾತ್' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಫಿನ್‌ಲೆಂಡ್ ದೇಶದ 'ಸೌನಾ' ಇದರ ಹತ್ತಿರದ ಬಂಧು. ಆದರೆ ಸೌನಾದ ಗಾಳಿ ಒಣಗಾಳಿ, ಹಬೆಸ್ನಾನದ್ದು ತೇವ ತುಂಬಿದ ಗಾಳಿ. ಈ ಒಂದು ವ್ಯತ್ಯಾಸದಿಂದಲೇ ಎರಡರ ಉಷ್ಣತೆ, ಅವಧಿ ಮತ್ತು ಅಪಾಯಗಳು ಬೇರೆಯಾಗುತ್ತವೆ.

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಲಾಯಿಲ, ಉಜಿರೆ, ಧರ್ಮಸ್ಥಳ ಪರಿಸರದಲ್ಲಿ ಹಬೆಸ್ನಾನವು ಹೊರಗಿನಿಂದ ಬಂದ ಐಷಾರಾಮವಾಗಿ ಅಲ್ಲ, ಆಸ್ಪತ್ರೆಯ ಚಿಕಿತ್ಸೆಯಾಗಿ ಪರಿಚಿತವಾಗಿದೆ. ಇತ್ತೀಚಿನ ವರ್ಷಗಳಲ್ಲಿ ವ್ಯಾಯಾಮಶಾಲೆ, ರೆಸಾರ್ಟ್ ಮತ್ತು ಮನೆಗಳಲ್ಲಿಯೂ ಇದರ ಬಳಕೆ ಕಾಣಿಸುತ್ತಿದೆ. ಅಲ್ಲಿ ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಚಿಕಿತ್ಸಕರಿರುವುದಿಲ್ಲವಾದ್ದರಿಂದ ಸುರಕ್ಷತೆಯ ತಿಳಿವಳಿಕೆ ಬಳಸುವವರಿಗೇ ಇರಬೇಕಾಗುತ್ತದೆ.

ಒಣ ಶಾಖ, ತೇವ ಶಾಖ

ಮನುಷ್ಯನ ದೇಹವು ಬಿಸಿಯಲ್ಲಿ ತನ್ನನ್ನು ತಂಪಾಗಿಟ್ಟುಕೊಳ್ಳುವ ಮುಖ್ಯ ಉಪಾಯ ಬೆವರು. ಆದರೆ ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಅದು ಆವಿಯಾಗುವುದರಿಂದ ತಂಪಾಗುತ್ತದೆ. ಚರ್ಮದ ಮೇಲಿನ ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ದೇಹದಿಂದ ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಪ್ರಯೋಜನ ಇಲ್ಲ.

ಸೌನಾ ಕೋಣೆಯ ಉಷ್ಣತೆ ಸಾಮಾನ್ಯವಾಗಿ 70ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. ನೀರು ಕುದಿಯುವಷ್ಟು ಬಿಸಿಯಲ್ಲಿ ಮನುಷ್ಯ ಕೆಲವು ನಿಮಿಷ ಕುಳಿತಿರುವುದು ಸಾಧ್ಯವಾಗುವುದು ಗಾಳಿ ಒಣಗಿರುವುದರಿಂದಲೇ. ಅಲ್ಲಿನ ಸಾಪೇಕ್ಷ ಆರ್ದ್ರತೆ ಸಾಮಾನ್ಯವಾಗಿ ಶೇಕಡಾ 10ರಿಂದ 20. ಬೆವರು ಕೂಡಲೇ ಆವಿಯಾಗಿ ಮೈಯನ್ನು ಕಾಯುತ್ತದೆ. ಹಬೆಕೋಣೆಯ ಉಷ್ಣತೆ 40ರಿಂದ 50 ಡಿಗ್ರಿ ಮಾತ್ರ, ಆದರೆ ಅಲ್ಲಿನ ಗಾಳಿ ಹಬೆಯಿಂದ ಪೂರ್ಣ ತುಂಬಿರುತ್ತದೆ. ಬೆವರು ಆವಿಯಾಗುವುದಿರಲಿ, ಗಾಳಿಯಲ್ಲಿರುವ ಹಬೆಯೇ ತನಗಿಂತ ತಂಪಾದ ಚರ್ಮದ ಮೇಲೆ ನೀರಾಗಿ ಕೂರುತ್ತದೆ. ಹಾಗೆ ನೀರಾಗುವಾಗ ಆವಿಯಾಗಲು ಬೇಕಾದಷ್ಟೇ ಶಾಖವನ್ನು ಮೈಗೆ ಬಿಟ್ಟುಕೊಡುತ್ತದೆ. ಹಬೆಕೋಣೆಯಿಂದ ಹೊರಬಂದವರ ಮೈಮೇಲೆ ಹರಿಯುವ ನೀರೆಲ್ಲ ಬೆವರಲ್ಲ, ಅದರಲ್ಲಿ ಒಂದು ಪಾಲು ಹೀಗೆ ಕೂತ ಹಬೆ.

ಆದ್ದರಿಂದ 'ಸೌನಾ 80 ಡಿಗ್ರಿ, ಇದು ಬರೀ 45 ಡಿಗ್ರಿ, ಏನೂ ಆಗದು' ಎಂಬ ಲೆಕ್ಕ ತಪ್ಪು. 80 ಡಿಗ್ರಿಯಷ್ಟು ಬಿಸಿಯಾದ ಹಬೆ ತುಂಬಿದ ಗಾಳಿಯು ಚರ್ಮವನ್ನು ಬೇಯಿಸಿಬಿಡುತ್ತದೆ.

ಕರಾವಳಿಯವರಿಗೆ ಈ ತತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಬಿಸಿಲಿಗೂ ಕರಾವಳಿಯ 'ಸೆಕೆ'ಗೂ ಇರುವ ವ್ಯತ್ಯಾಸವೇ ಅದು. ಮಳೆಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳ್ತಂಗಡಿಯಲ್ಲಿ ಉಷ್ಣತೆಯು ಕಲಬುರಗಿಗಿಂತ ಕಡಿಮೆ ಇದ್ದರೂ ಅಂಗಿ ಮೈಗಂಟುತ್ತದೆ, ಬೆವರು ಒಣಗುವುದಿಲ್ಲ. ಅಂಥ ದಿನ ಹಬೆಸ್ನಾನ ಮುಗಿಸಿ ಹೊರಬಂದವರಿಗೆ ಹೊರಗಿನ ಗಾಳಿಯೂ ಬೇಗ ತಂಪು ಕೊಡದು. ಫಿನ್‌ಲೆಂಡಿನ ಚಳಿಯನ್ನು ಲೆಕ್ಕದಲ್ಲಿಟ್ಟು ಹೇಳಿದ ಅವಧಿ ಮತ್ತು ಆವರ್ತನೆಗಳನ್ನು ಇಲ್ಲಿನ ಬೇಸಿಗೆಗೆ ಹಾಗೆಯೇ ಅನ್ವಯಿಸಬಾರದು.

ಚರಕಸಂಹಿತೆಯ ಬೆವರುಮನೆ

ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಸ್ವೇದನಕ್ಕೆ ಮೀಸಲಾಗಿದೆ. ಅದರಲ್ಲಿ ಬೆಂಕಿಯ ಶಾಖದಿಂದ ಬೆವರಿಸುವ 13 ವಿಧಾನಗಳನ್ನು ಹೇಳಿದೆ. ಬೆಂಕಿಯಿಲ್ಲದೆ ಬೆವರು ಬರಿಸುವ ಸಂಗತಿಗಳನ್ನೂ ಎಣಿಸಿದೆ. ವ್ಯಾಯಾಮ, ದಪ್ಪ ಹೊದಿಕೆ, ಹಸಿವು, ಬಿಸಿಲುಗಳ ಜೊತೆಗೆ ಭಯ ಮತ್ತು ಸಿಟ್ಟು ಕೂಡ ಆ ಪಟ್ಟಿಯಲ್ಲಿವೆ. 13 ವಿಧಾನಗಳಲ್ಲಿ ನಾಡೀಸ್ವೇದವೆಂದರೆ ಔಷಧಿ ಸಸ್ಯಗಳನ್ನು ಕುದಿಸಿ ಅದರ ಹಬೆಯನ್ನು ಕೊಳವೆಯ ಮೂಲಕ ಮೈಗೆ ಹಾಯಿಸುವುದು. ಇಂದಿನ ಹಬೆಪೆಟ್ಟಿಗೆಗೆ ಇದು ಹತ್ತಿರದ್ದು.

ಸೌನಾಕ್ಕೆ ಹೋಲುವುದು 'ಜೇಂತಾಕ' ಸ್ವೇದ. ಕೆರೆ ಅಥವಾ ಕೊಳದ ದಡದಲ್ಲಿ ಒಳ್ಳೆಯ ಮಣ್ಣಿನ ನೆಲ ನೋಡಿ, ದುಂಡಗಿನ, ಹಲವು ಕಿಂಡಿಗಳುಳ್ಳ ಮನೆ ಕಟ್ಟಬೇಕು. ಒಳಗೆ ಗೋಡೆಯ ಸುತ್ತ ಬಾಗಿಲವರೆಗೂ ಮಣ್ಣಿನ ಜಗಲಿ ಇರಬೇಕು. ನಡುವೆ ಆಳೆತ್ತರದ, ಸಣ್ಣ ರಂಧ್ರಗಳುಳ್ಳ ಮುಚ್ಚಳದ ಒಲೆ ಇರಬೇಕು. ಕಟ್ಟಿಗೆಯೆಲ್ಲ ಉರಿದು ಹೊಗೆ ಪೂರ್ತಿ ಹೋದ ಮೇಲೆಯೇ, ಮೈಗೆ ಎಣ್ಣೆ ಹಚ್ಚಿ ಬಟ್ಟೆ ಹೊದ್ದವನು ಒಳಹೋಗಬೇಕು. ಹೊಗೆಗೂಡಿಲ್ಲದ ಫಿನ್‌ಲೆಂಡಿನ ಹಳೆಯ ಹೊಗೆ ಸೌನಾಗಳಲ್ಲಿಯೂ ಬೆಂಕಿ ಆರಿ ಹೊಗೆ ಹೊರಹೋದ ನಂತರವೇ ಜನ ಒಳಹೋಗುತ್ತಾರೆ. ಎರಡು ದೂರದ ನಾಡುಗಳು ಒಂದೇ ನಿಯಮಕ್ಕೆ ಬಂದು ನಿಂತಿರುವುದಕ್ಕೆ ಕಾರಣ ಒಂದೇ: ಮುಚ್ಚಿದ ಕೋಣೆಯಲ್ಲಿ ಉರಿಯುವ ಕಟ್ಟಿಗೆ ಮತ್ತು ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಎಚ್ಚರ ತಪ್ಪಿಸಿ ಕೊಲ್ಲುತ್ತದೆ.

ಒಳಹೋದವನಿಗೆ ಕೊಡಬೇಕಾದ ಎಚ್ಚರಿಕೆಯನ್ನು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ತಲೆಸುತ್ತಿ ಮೂರ್ಛೆ ಬಂದಂತಾದರೂ ಜಗಲಿಯನ್ನು ಬಿಟ್ಟಿಳಿಯಬಾರದು, ಇಳಿದರೆ ಬಾಗಿಲು ಸಿಗದೆ ಪ್ರಾಣವೇ ಹೋದೀತು. ಮೈ ಹಗುರವಾಗಿ ಚೆನ್ನಾಗಿ ಬೆವರಿದ ಮೇಲೆ ಜಗಲಿಯನ್ನೇ ಅನುಸರಿಸಿ ಬಾಗಿಲಿಗೆ ಬರಬೇಕು ಎಂಬುದು ಅದರ ಸಾರ. ತಲೆಸುತ್ತಿದರೂ ಕುಳಿತಿರುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಶಾಖದಿಂದ ಬುದ್ಧಿ ಮಂಕಾದವನಿಗೆ ಬಾಗಿಲು ಹುಡುಕುವುದೇ ಕಷ್ಟ ಎಂಬ ಗಮನಿಕೆ ಇಂದಿಗೂ ನಿಜ. ಈಗಿನ ಕೋಣೆಗಳ ಬಾಗಿಲು ಹೊರಕ್ಕೆ ತಳ್ಳಿದರೆ ತೆರೆಯುವಂತಿರಬೇಕು ಮತ್ತು ಅದಕ್ಕೆ ಚಿಲಕ ಇರಬಾರದು ಎಂಬ ನಿಯಮದ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಕಣ್ಣು, ಹೃದಯದ ಭಾಗ ಮತ್ತು ವೃಷಣಗಳಿಗೆ ಶಾಖ ಬೇಡ, ಕೊಟ್ಟರೂ ಬಹಳ ಮೃದುವಾಗಿರಲಿ ಎಂದು ಚರಕಸಂಹಿತೆ ಹೇಳುತ್ತದೆ. ಗರ್ಭಿಣಿ, ಮಧುಮೇಹಿ, ನಿತ್ಯ ಮದ್ಯಪಾನ ಮಾಡುವವ, ಭೇದಿಯಾಗುತ್ತಿರುವವ, ದಣಿದವ, ಬಾಯಾರಿದವ, ಹಸಿದವ ಇವರಿಗೆಲ್ಲ ಸ್ವೇದನ ನಿಷಿದ್ಧ. ಅತಿಯಾಗಿ ಬೆವರಿದವನಿಗೆ ಬಾಯಾರಿಕೆ, ಉರಿ, ಮೂರ್ಛೆ, ದನಿ ಮತ್ತು ಕೈಕಾಲುಗಳ ನಿಶ್ಶಕ್ತಿ ಬರುತ್ತವೆ. ಅಂಥವನಿಗೆ ಬೇಸಿಗೆಯಲ್ಲಿ ಪಾಲಿಸುವ ತಂಪಿನ ಕ್ರಮವನ್ನೇ ಮಾಡಬೇಕು ಎಂದೂ ಹೇಳಿದೆ.

ಬೆಳ್ತಂಗಡಿ ಪರಿಸರದಲ್ಲಿ

ಆಧುನಿಕ ಹಬೆಪೆಟ್ಟಿಗೆ ಈ ಭಾಗಕ್ಕೆ ಬಂದದ್ದು ಪ್ರಕೃತಿ ಚಿಕಿತ್ಸೆಯ ಮೂಲಕ. ಜರ್ಮನಿಯ ಲೂಯಿ ಕೂನೆಯ ಜಲಚಿಕಿತ್ಸೆಯ ಬರಹಗಳು 19ನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದಲ್ಲಿ ಓದುಗರನ್ನು ಪಡೆದಿದ್ದವು. ಗಾಂಧೀಜಿ ಅವುಗಳಿಂದ ಪ್ರಭಾವಿತರಾಗಿದ್ದರು. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಅವರು ಬರೆದ ಆರೋಗ್ಯದ ಕುರಿತಾದ ಪುಸ್ತಕದಲ್ಲಿ ಹಬೆಸ್ನಾನಕ್ಕೂ ಜಾಗವಿದೆ.

ಧರ್ಮಸ್ಥಳದ ಸಮೀಪ ಶಾಂತಿವನದಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯು ಈ ಭಾಗದ ಪ್ರಮುಖ ಕೇಂದ್ರ. ಇದೇ ಸಮೂಹದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ ಉಜಿರೆಯಲ್ಲಿ ಆರಂಭವಾಯಿತು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದಲ್ಲಿಯೂ ಈ ವಿಷಯದ ಕಾಲೇಜು ಇದೆ. ಹೀಗಾಗಿ ಬೆಳ್ತಂಗಡಿ–ಮೂಡುಬಿದಿರೆ ಭಾಗದಲ್ಲಿ ಹಬೆಸ್ನಾನವನ್ನು ಪದವಿ ತರಗತಿಯ ಪಾಠವಾಗಿ ಕಲಿಸಲಾಗುತ್ತದೆ.

ಇದಕ್ಕಿಂತ ಹಳೆಯದು ಮನೆಯ ಬಚ್ಚಲಿನ ಪದ್ಧತಿ. ತುಳುನಾಡಿನ ಮನೆಗಳ ಬಚ್ಚಲಲ್ಲಿ ಹಂಡೆಯ ಕೆಳಗೆ ತೆಂಗಿನ ಗರಿ, ಸಿಪ್ಪೆ, ಕಟ್ಟಿಗೆಗಳಿಂದ ಉರಿ ಹಾಕಿ ನೀರು ಕಾಯಿಸುತ್ತಾರೆ. ನರಕ ಚತುರ್ದಶಿಯ ಮುನ್ನಾದಿನ ಹಂಡೆಗೆ ನೀರು ತುಂಬಿ, ಮರುದಿನ ನಸುಕಿನಲ್ಲಿ ಮೈಗೆ ಎಣ್ಣೆ ಹಚ್ಚಿ ಸ್ನಾನ ಮಾಡುವುದು ಈಗಲೂ ನಡೆಯುತ್ತದೆ. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಕ್ರಮ, ಶೀತವಾದಾಗ ಲಕ್ಕಿ ಸೊಪ್ಪು ಅಥವಾ ನೀಲಗಿರಿ ಎಣ್ಣೆ ಹಾಕಿದ ಕುದಿನೀರಿನ ಹಬೆ ತೆಗೆದುಕೊಳ್ಳುವ ಕ್ರಮ ಇವೆಲ್ಲ ಸ್ವೇದನದ ಮನೆಮಟ್ಟದ ರೂಪಗಳೇ. ಹಬೆ ತೆಗೆದುಕೊಳ್ಳುವಾಗ ಆಗುವ ಅನಾಹುತಗಳಲ್ಲಿ ಹಬೆಯಿಂದ ಸುಡುವುದಕ್ಕಿಂತ ಪಾತ್ರೆ ಮಗುಚಿ ಕುದಿನೀರು ತೊಡೆಯ ಮೇಲೆ ಬೀಳುವುದು ಹೆಚ್ಚು ಗಂಭೀರ. ಪಾತ್ರೆಯನ್ನು ಮಡಿಲಲ್ಲಿಯೋ ಹಾಸಿಗೆಯ ಮೇಲೆಯೋ ಇಟ್ಟುಕೊಳ್ಳದೆ ಅಲುಗಾಡದ ಮೇಜಿನ ಮೇಲಿಡಬೇಕು. ಮಕ್ಕಳಿಗೆ ಬೆಡ್‌ಶೀಟ್ ಮುಚ್ಚಿ ಈ ರೀತಿ ಹಬೆ ಕೊಡುವುದನ್ನು ಬಿಡುವುದೇ ಒಳಿತು.

ದೇಹದಲ್ಲಿ ಆಗುವ ಬದಲಾವಣೆ

ಶಾಖ ತಗುಲಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ರಕ್ತ ಹೆಚ್ಚಾಗಿ ಚರ್ಮದತ್ತ ಹರಿಯುತ್ತದೆ. ಅದನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿಯುತ್ತದೆ. ನಾಡಿಬಡಿತ ನಿಮಿಷಕ್ಕೆ 100 ದಾಟುವುದು ಸಾಮಾನ್ಯ, ಹೆಚ್ಚು ಬಿಸಿಯಲ್ಲಿ 150ರ ಹತ್ತಿರವೂ ಹೋಗಬಹುದು. ಒಂದು ಸಲದ ಸೌನಾದಲ್ಲಿ ಸುಮಾರು ಅರ್ಧ ಲೀಟರ್ ಬೆವರು ಹೋಗುತ್ತದೆ. ಕುಳಿತವನು ಥಟ್ಟನೆ ಎದ್ದುನಿಂತಾಗ ರಕ್ತ ಕಾಲಿಗಿಳಿದು, ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವುದುಂಟು. ಹಬೆಸ್ನಾನದ ಅವಘಡಗಳಲ್ಲಿ ಸಾಮಾನ್ಯವಾದುದು ಇದೇ. ಒದ್ದೆ ನೆಲವೂ ಸೇರಿಕೊಂಡರೆ ಬಿದ್ದು ತಲೆಗೆ ಪೆಟ್ಟಾಗುತ್ತದೆ.

ಹಬೆಸ್ನಾನದಿಂದ ಸ್ನಾಯುಗಳ ಬಿಗಿತ ಸಡಿಲುತ್ತದೆ, ಕಟ್ಟಿದ ಮೂಗು ಕೆಲಕಾಲ ಬಿಡುತ್ತದೆ, ಮನಸ್ಸು ಹಗುರವಾಗುತ್ತದೆ. ಸೌನಾದ ಬಗ್ಗೆ ಇದಕ್ಕಿಂತ ಹೆಚ್ಚಿನ ಅಧ್ಯಯನವೂ ಇದೆ. ಪೂರ್ವ ಫಿನ್‌ಲೆಂಡಿನ 2315 ಮಧ್ಯವಯಸ್ಕ ಪುರುಷರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾರಕ್ಕೆ 4ರಿಂದ 7 ಬಾರಿ ಸೌನಾ ಮಾಡುವವರಲ್ಲಿ ಹಠಾತ್ ಹೃದಯಸ್ತಂಭನದ ಸಾವು ಕಡಿಮೆ ಎಂದು ಕಂಡುಬಂದಿತು. ಆದರೆ ಇದು ಬಾಲ್ಯದಿಂದಲೇ ಸೌನಾ ರೂಢಿಯಿರುವ ಜನರ ಅಧ್ಯಯನ, ಅದೂ ಒಣ ಶಾಖದ್ದು. ಆರೋಗ್ಯವಂತರೇ ಹೆಚ್ಚು ಬಾರಿ ಸೌನಾಕ್ಕೆ ಹೋಗಿರಲೂಬಹುದು. ಇದನ್ನು ಹಬೆಪೆಟ್ಟಿಗೆಯ ಜಾಹೀರಾತಿಗೆ ಬಳಸುವುದು ಸರಿಯಲ್ಲ.

ಒಂದೇ ದಿನದಲ್ಲಿ ತೂಕ ಇಳಿಯುತ್ತದೆ ಎಂಬುದು ತಕ್ಕಡಿಯ ಮಟ್ಟಿಗೆ ನಿಜ. ಇಳಿದದ್ದು ನೀರು, ಎರಡು ಲೋಟ ನೀರು ಕುಡಿದರೆ ತಿರುಗಿ ಬರುತ್ತದೆ. 'ಬೆವರಿನಿಂದ ದೇಹದ ವಿಷವೆಲ್ಲ ಹೊರಹೋಗುತ್ತದೆ' ಎಂಬ ಮಾತೂ ಪ್ರಚಾರದಲ್ಲಿದೆ. ಬೆವರಿನಲ್ಲಿರುವುದು ಬಹುಪಾಲು ನೀರು ಮತ್ತು ಉಪ್ಪು. ಆ ಕೆಲಸ ಮುಖ್ಯವಾಗಿ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ನೀರು ಕುಡಿಯದೆ ಬೆವರಿಳಿಸುವುದರಿಂದ ಮೂತ್ರಪಿಂಡಕ್ಕೆ ಹೊರೆಯೇ ಆಗುತ್ತದೆ.

ಯಾರು ದೂರವಿರಬೇಕು

ಗರ್ಭಿಣಿಯರು, ಅದರಲ್ಲಿಯೂ ಮೊದಲ ಮೂರು ತಿಂಗಳಲ್ಲಿರುವವರು, ಹಬೆಸ್ನಾನ ಮಾಡಬಾರದು. ತಾಯಿಯ ಮೈ ಉಷ್ಣತೆ ಹೆಚ್ಚು ಏರುವುದಕ್ಕೂ ಮಗುವಿನ ಮಿದುಳು, ಬೆನ್ನುಹುರಿಯ ದೋಷಗಳಿಗೂ ಸಂಬಂಧವಿರುವುದು ಕಂಡುಬಂದಿದೆ. ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಬರುತ್ತಿರುವವರು, ಹೃದಯದ ಕವಾಟ ಬಹಳ ಕಿರಿದಾದವರು, ಹತೋಟಿಯಲ್ಲಿಲ್ಲದ ರಕ್ತದೊತ್ತಡದವರು, ಮೂರ್ಛೆರೋಗಿಗಳು ಮತ್ತು ಜ್ವರ ಇರುವವರು ಇದರಿಂದ ದೂರವಿರಬೇಕು. ಜ್ವರವನ್ನು ಬೆವರಿಸಿ ಇಳಿಸುತ್ತೇವೆಂದು ಹಬೆಪೆಟ್ಟಿಗೆಗೆ ಕೂರುವುದು ಉರಿಯುವ ಒಲೆಗೆ ಸೌದೆ ಹಾಕಿದಂತೆ.

ಮಧುಮೇಹಿಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಇನ್ಸುಲಿನ್ ಚುಚ್ಚಿಕೊಂಡ ಜಾಗಕ್ಕೆ ಶಾಖ ತಗುಲಿದರೆ ಔಷಧಿ ಬೇಗ ರಕ್ತಕ್ಕೆ ಸೇರಿ ಸಕ್ಕರೆಯ ಮಟ್ಟ ಕುಸಿಯಬಹುದು. ಆಗ ಬರುವ ಬೆವರು, ನಡುಕಗಳನ್ನು ಹಬೆಯ ಬೆವರೆಂದೇ ತಿಳಿದು ಕುಳಿತುಬಿಡುವ ಅಪಾಯವಿದೆ. ವರ್ಷಗಟ್ಟಲೆ ಮಧುಮೇಹವಿದ್ದು ಪಾದದ ಸ್ಪರ್ಶ ಮಂದವಾಗಿರುವವರಿಗೆ ಹಬೆಯ ಕೊಳವೆಯ ಬಳಿ ಕಾಲು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ಚರ್ಮಕ್ಕೆ ಅಂಟಿಸುವ ಔಷಧಿಪಟ್ಟಿಗಳೂ ಶಾಖದಲ್ಲಿ ಹೆಚ್ಚು ಔಷಧಿ ಬಿಡುತ್ತವೆ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಪುರುಷರಲ್ಲಿ ಪದೇ ಪದೇ ತಗುಲುವ ಶಾಖವು ವೀರ್ಯಾಣುಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ಇಳಿಸುತ್ತದೆ. ಮದ್ಯಪಾನ ಮಾಡಿ ಹಬೆಗೆ ಹೋಗುವುದು ಎಲ್ಲರಿಗೂ ಅಪಾಯ. ಫಿನ್‌ಲೆಂಡಿನ ಸೌನಾ ಸಾವುಗಳಲ್ಲಿ ಮದ್ಯದ ಪಾತ್ರ ಮತ್ತೆ ಮತ್ತೆ ಕಂಡಿದೆ.

ಬಳಸುವ ಕ್ರಮ

ಊಟ ಮಾಡಿ ಒಂದೆರಡು ಗಂಟೆ ಕಳೆದಿರಬೇಕು, ಆದರೆ ಹಸಿದ ಹೊಟ್ಟೆಯೂ ಬೇಡ. ಒಂದೆರಡು ಲೋಟ ನೀರು ಕುಡಿದು ಮೂತ್ರವಿಸರ್ಜನೆ ಮಾಡಿ ಕುಳಿತುಕೊಳ್ಳಬೇಕು. ಸೌನಾಕ್ಕೆ ಹೋಗುವಾಗ ಉಂಗುರ, ಬಳೆ, ಸರಗಳನ್ನು ತೆಗೆದಿಡಬೇಕು, ಕಾದ ಲೋಹ ಚರ್ಮವನ್ನು ಸುಡುತ್ತದೆ. ಕರಿಮಣಿ ತೆಗೆಯಲು ಮನಸ್ಸಾಗದವರು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳಬಹುದು. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್‌ಗಳೂ ಹೊರಗೇ ಇರಲಿ.

ಹಬೆಪೆಟ್ಟಿಗೆಯಲ್ಲಿ ಕುತ್ತಿಗೆಯ ಕೆಳಗಿನ ಮೈ ಮಾತ್ರ ಒಳಗಿರುತ್ತದೆ. ತಲೆ ಹೊರಗಿದ್ದು ತಣ್ಣನೆಯ ಗಾಳಿಯನ್ನು ಉಸಿರಾಡುವುದರಿಂದ ಇದು ಹಬೆಕೋಣೆಗಿಂತ ಸಹ್ಯ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬೈರಾಸನ್ನು ತಲೆಗೆ ಸುತ್ತುವುದು ರೂಢಿ. ಆದರೆ ಪೆಟ್ಟಿಗೆಗೆ ತನ್ನದೇ ಒಂದು ದೋಷವಿದೆ. ಕುಳಿತವರ ಕೈಗಳೂ ಒಳಗೇ ಇರುತ್ತವೆ, ಚಿಲಕ ಹೊರಗಿರುತ್ತದೆ. ಒಳಗಿನಿಂದ ತಳ್ಳಿದರೆ ತೆರೆಯದ ಪೆಟ್ಟಿಗೆಯಲ್ಲಿ ಯಾರನ್ನೂ ಕೂರಿಸಬಾರದು. ಕೂರಿಸಿದವರು ಮುಗಿಯುವವರೆಗೆ ಆ ಕೋಣೆ ಬಿಟ್ಟು ಹೋಗಬಾರದು. ಹಬೆ ಬರುವ ಕೊಳವೆಯ ಬಾಯಿಯ ಬಳಿ ಉಷ್ಣತೆ 100 ಡಿಗ್ರಿಗೆ ಹತ್ತಿರವಿರುತ್ತದೆ. ಅದರ ಮೇಲೆ ಮರದ ಜಾಲರಿ ಇದೆಯೇ, ಕಾಲು ತಾಗುವಂತಿದೆಯೇ ಎಂದು ಕೂರುವ ಮೊದಲೇ ನೋಡಿಕೊಳ್ಳಬೇಕು.

ಮೊದಲ ಬಾರಿಗೆ 5ರಿಂದ 8 ನಿಮಿಷ ಸಾಕು. ರೂಢಿಯಾದವರಿಗೂ 15 ನಿಮಿಷ ದಾಟುವ ಅಗತ್ಯವಿಲ್ಲ. ಗಡಿಯಾರಕ್ಕಿಂತ ಮೈಯ ಮಾತು ದೊಡ್ಡದು: ತಲೆಸುತ್ತು, ವಾಕರಿಕೆ, ತಲೆನೋವು, ಎದೆಯಲ್ಲಿ ಡವಡವ ಇವುಗಳಲ್ಲಿ ಒಂದು ಕಂಡರೂ ಹೊರಬರಬೇಕು. ಪಂತ ಕಟ್ಟಿ ಕೂರುವುದರ ಫಲ ಏನೆಂಬುದಕ್ಕೆ ಫಿನ್‌ಲೆಂಡಿನ ಹೈನೋಲಾ ನಗರದಲ್ಲಿ 1999ರಿಂದ ನಡೆಯುತ್ತಿದ್ದ ವಿಶ್ವ ಸೌನಾ ಸ್ಪರ್ಧೆಯೇ ಉದಾಹರಣೆ. 2010ರ ಅಂತಿಮ ಸುತ್ತಿನಲ್ಲಿ 110 ಡಿಗ್ರಿಯ ಕೋಣೆಯಲ್ಲಿ ಕುಳಿತ ಇಬ್ಬರೂ ಆರು ನಿಮಿಷಗಳ ಸುಮಾರಿಗೆ ಕುಸಿದರು. ಒಬ್ಬ ಸ್ಪರ್ಧಿ ಸತ್ತ, ಇನ್ನೊಬ್ಬ ತೀವ್ರ ಸುಟ್ಟಗಾಯಗಳೊಂದಿಗೆ ಬದುಕಿದ. ಸ್ಪರ್ಧೆ ಅಲ್ಲಿಗೆ ನಿಂತುಹೋಯಿತು. ಇಬ್ಬರೂ ಹೊಸಬರಾಗಿರಲಿಲ್ಲ. ಅದೇ ದೇಶದ ಸೌನಾ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಮನೆಗಳಲ್ಲಿ ಸೌನಾ ಎಂದರೆ ಆತುರವಿಲ್ಲದೆ ಕುಳಿತು ಏಳುವ ಕ್ರಮ, ಸ್ಪರ್ಧೆಯಲ್ಲ.

ಹೊರಬಂದ ಮೇಲೆ ತಣ್ಣೀರೋ ಬೆಚ್ಚನೆಯ ನೀರೋ ಎಂಬಲ್ಲಿ ಪದ್ಧತಿಗಳಲ್ಲಿ ಭೇದವಿದೆ. ಪ್ರಕೃತಿ ಚಿಕಿತ್ಸೆಯಲ್ಲಿ ತಣ್ಣೀರಿನ ಸ್ನಾನ ಮಾಡಿಸುವುದು ವಾಡಿಕೆ. ಚರಕಸಂಹಿತೆಯು ಜೇಂತಾಕದ ನಂತರ ಕೂಡಲೇ ತಣ್ಣೀರು ಬೇಡ, ಸ್ವಲ್ಪ ಹೊತ್ತು ದಣಿವಾರಿಸಿಕೊಂಡು ಹದವಾದ ಬಿಸಿನೀರಿನಲ್ಲಿ ಮಿಂದು ಊಟ ಮಾಡಬೇಕೆನ್ನುತ್ತದೆ. ಹಿಗ್ಗಿದ ರಕ್ತನಾಳಗಳು ತಣ್ಣೀರಿಗೆ ಒಮ್ಮೆಲೇ ಕುಗ್ಗಿದಾಗ ರಕ್ತದೊತ್ತಡ ಜಿಗಿಯುತ್ತದೆ. ಗಟ್ಟಿ ಹೃದಯದ ಯುವಕರು ಇದನ್ನು ತಾಳಿಕೊಳ್ಳುತ್ತಾರೆ. ಹಿರಿಯರಿಗೆ ಚರಕನ ಕ್ರಮವೇ ಕ್ಷೇಮ. ಕನಿಷ್ಠ 20 ನಿಮಿಷ ವಿಶ್ರಾಂತಿ ಪಡೆಯದೆ ಬೈಕ್ ಏರಬಾರದು. ಕಳೆದ ನೀರು ಮತ್ತು ಉಪ್ಪಿಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಕುಚ್ಚಲಕ್ಕಿ ಗಂಜಿಯ ತಿಳಿ ಸಾಕು. ಬೊಂಡ ಕುಡಿದರೂ ನಡೆಯುತ್ತದೆ, ಆದರೆ ಅದರಲ್ಲಿ ಸೋಡಿಯಂ ಕಡಿಮೆ.

ಹಬೆಕೋಣೆಯ ಒದ್ದೆ ಬೆಚ್ಚನೆಯ ಹಲಗೆಗಳು ಶಿಲೀಂಧ್ರಕ್ಕೆ ಒಳ್ಳೆಯ ನೆಲೆ. ಸ್ವಂತ ಬೈರಾಸು ಹಾಸಿ ಕೂರುವುದು, ಚಪ್ಪಲಿ ಧರಿಸುವುದು, ಚರ್ಮದ ಸೋಂಕಿರುವವರು ಇತರರೊಂದಿಗೆ ಹಂಚಿಕೊಳ್ಳದಿರುವುದು ಅವಶ್ಯ. ಮಳೆಗಾಲದಲ್ಲಿ ಇಂಥ ಕೋಣೆ ದಿನಗಟ್ಟಲೆ ಒಣಗುವುದೇ ಇಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಿನ ಶುಚಿತ್ವ ಬೇಕಾಗುತ್ತದೆ.

ಮನೆಯಲ್ಲಿ ಬಳಸುವಾಗ

ಬಟ್ಟೆಯ ಗುಡಾರ ಮತ್ತು ವಿದ್ಯುತ್ ಹಬೆಪಾತ್ರೆ ಇರುವ ಮನೆಬಳಕೆಯ ಸಾಧನಗಳು ಈಗ ಸುಲಭವಾಗಿ ಸಿಗುತ್ತವೆ. ನೀರು, ಹಬೆ, ವಿದ್ಯುತ್ ಮೂರೂ ಒಂದೆಡೆ ಸೇರುವುದರಿಂದ ಅರ್ತಿಂಗ್ ಇರುವ ಪ್ಲಗ್ಗಿಗೆ ಮಾತ್ರ ಜೋಡಿಸಬೇಕು, ಮನೆಯ ವಿದ್ಯುತ್ ಹಲಗೆಯಲ್ಲಿ ಸೋರಿಕೆ ಕಂಡರೆ ಕಡಿತಗೊಳಿಸುವ ಸ್ವಿಚ್ ಇರಬೇಕು. ಕುಕ್ಕರಿಗೆ ಕೊಳವೆ ಸಿಕ್ಕಿಸಿ ಹಬೆ ತರುವ ಉಪಾಯವನ್ನು ಮಾಡಲೇಬಾರದು. ಕೊಳವೆ ಕಳಚಿದರೆ ಒತ್ತಡದ ಹಬೆ ನೇರ ಮೈಮೇಲೆ ಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಕೆಂಡದ ಬಟ್ಟಲು ಇಡುವುದು, ಗ್ಯಾಸ್ ಗೀಸರ್ ಉರಿಸಿ ಬಾಗಿಲು ಮುಚ್ಚಿಕೊಂಡು ಬಿಸಿನೀರಿನ ಹಬೆ ತುಂಬಿಸುವುದು ಮಾರಕ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರಿನಿಂದ ಸಂಭವಿಸಿದ ಸಾವುಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಹಂಚಿನ ಮಾಡಿನ ಹಳೆಯ ಬಚ್ಚಲುಗಳಲ್ಲಿ ಹೊಗೆಗೆ ದಾರಿ ಇತ್ತು, ತಾರಸಿ ಮನೆಯ ಟೈಲ್ಸ್ ಹಾಕಿದ ಬಚ್ಚಲಲ್ಲಿ ಅದಿಲ್ಲ. ಮನೆಯಲ್ಲಿ ಒಬ್ಬರೇ ಇರುವಾಗ ಹಬೆಸ್ನಾನ ಬೇಡ.

ಪ್ರಥಮ ಚಿಕಿತ್ಸೆ

ಕಣ್ಣು ಕತ್ತಲೆ ಬಂದು ಕುಸಿದವರನ್ನು ಕೂಡಲೇ ಹೊರತಂದು, ಮಲಗಿಸಿ, ಕಾಲುಗಳನ್ನು ಸ್ವಲ್ಪ ಎತ್ತರದಲ್ಲಿಡಬೇಕು. ಹೆಚ್ಚಿನವರು ಒಂದೆರಡು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಪೂರ್ಣ ಎಚ್ಚರವಾದ ಮೇಲೆ ಗುಟುಕು ಗುಟುಕಾಗಿ ಓ.ಆರ್.ಎಸ್. ದ್ರಾವಣವನ್ನು ಕುಡಿಸಬಹುದು. ಮಾತು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ ಅಥವಾ ಎಚ್ಚರ ಮರಳದಿದ್ದರೆ ಅದು ಶಾಖಾಘಾತದ ಲಕ್ಷಣ. ಬಾಯಿಗೆ ಏನನ್ನೂ ಹಾಕದೆ, ಮೈಗೆ ನೀರು ಸುರಿದು ಬೀಸುತ್ತಾ, ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ತಣ್ಣನೆಯ ಬಟ್ಟೆ ಇಡುತ್ತಾ 108 ಆಂಬುಲೆನ್ಸಿಗೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬಾರದು. ಸುಟ್ಟಗಾಯವಾಗಿದ್ದರೆ 20 ನಿಮಿಷ ಹರಿಯುವ ನೀರಿನಡಿ ಹಿಡಿಯಬೇಕು. ಟೂತ್‌ಪೇಸ್ಟ್, ತುಪ್ಪ, ಅರಿಶಿನ ಹಚ್ಚಬಾರದು.